ಪಂಪ್ ಬಿಚ್ಚುವ ಮುನ್ನ: ಹಳೆಯ ಟ್ರ್ಯಾಕ್ಟರಿನ ಲಿಫ್ಟ್ ಸರಿಮಾಡಿದ ಬಗೆ

ನನ್ನದು ಫರ್ಗುಸನ್ ಮಾದರಿಯ ಹಳೆಯ ಟ್ರ್ಯಾಕ್ಟರ್. ಮುಂಗಾರಿನ ಉಳುಮೆ ಎದುರಿಗಿದ್ದಾಗಲೇ ಉಪಕರಣಗಳನ್ನು ಎತ್ತಿ ಇಳಿಸುವ ಅದರ ಹೈಡ್ರಾಲಿಕ್ ಲಿಫ್ಟ್ ಕೈಕೊಟ್ಟಿತು. ಬೆಳಿಗ್ಗೆ ಕಲ್ಟಿವೇಟರನ್ನು ಸಲೀಸಾಗಿ ಎತ್ತುತ್ತಿತ್ತು. ಎಣ್ಣೆ ಬಿಸಿಯಾದ ಮೇಲೆ ಲಿಫ್ಟಿನ ತೋಳುಗಳು ಅರ್ಧಕ್ಕೆ ನಿಂತು ಮೇಲಕ್ಕೂ ಕೆಳಕ್ಕೂ ತುಯ್ಯತೊಡಗುತ್ತಿದ್ದವು. ಲಕ್ಷಣ ಕೇಳಿದವರೆಲ್ಲ ಲಿಫ್ಟಿಗೆ ಎಣ್ಣೆ ತಳ್ಳುವ ಪಂಪ್ ಹೋಗಿದೆ ಎಂದರು. ನಾನು ಒಪ್ಪಲಿಲ್ಲ. ಹೊಸ ಪಂಪಿನ ಬೆಲೆ ಒಂದು ಕಾರಣ. ಇಂಥ ಲಿಫ್ಟ್ ತನ್ನ ರೋಗವನ್ನು ತಾನೇ ಹೇಳುತ್ತದೆ ಎಂಬ ನಂಬಿಕೆ ಇನ್ನೊಂದು.

ಈ ಮಾದರಿಯಲ್ಲಿ ಪಂಪ್ ಹೊರಗೆ ಕಾಣುವುದಿಲ್ಲ. ಸೀಟಿನ ಕೆಳಗಿನ ಹೌಸಿಂಗ್‌ನೊಳಗೆ ಗೇರ್ ಎಣ್ಣೆಯಲ್ಲೇ ಮುಳುಗಿಕೊಂಡು ಪಿಟಿಒ ಶಾಫ್ಟಿನಿಂದ, ಎಂದರೆ ಎಂಜಿನ್ ಶಕ್ತಿಯನ್ನು ಹಿಂದಿನ ಉಪಕರಣಗಳಿಗೆ ಒಯ್ಯುವ ದಂಡದಿಂದ, ನಡೆಯುತ್ತದೆ. ಅಲ್ಲಿಂದ ಎಣ್ಣೆ ನೆಟ್ಟಗೆ ನಿಂತ ಒಂದು ಕೊಳವೆಯಲ್ಲಿ ಮೇಲೇರಿ, ಹೌಸಿಂಗಿನ ಮೇಲ್ಮುಚ್ಚಳವಾದ ಲಿಫ್ಟ್ ಕವರಿನ ಸಿಲಿಂಡರಿಗೆ ಹೋಗಿ ದೊಡ್ಡ ಪಿಸ್ಟನ್ನನ್ನು ತಳ್ಳುತ್ತದೆ; ಅದರಿಂದ ತೋಳುಗಳು ಏಳುತ್ತವೆ. ಈ ಹಾದಿಯಲ್ಲಿ ಒಳಗೆ ಎಲ್ಲಿ ಸೋರಿದರೂ ಎಣ್ಣೆ ಹೌಸಿಂಗ್‌ನೊಳಗೇ ಬೀಳುತ್ತದೆ. ನೆಲದ ಮೇಲೆ ಒಂದು ಹನಿ ಕಾಣದು, ಎಣ್ಣೆಯ ಮಟ್ಟವೂ ಇಳಿಯದು. ಪಂಪಿನ ಮೇಲೆ ಸುಳ್ಳು ಆರೋಪ ಬರುವುದು ಇದರಿಂದಲೇ.

ಪಿಟಿಒ ಲಿವರ್ ಹಾಕಿದೆಯೇ, ಎಣ್ಣೆ ಅಳತೆಗೆ ಸರಿಯಿದೆಯೇ ಎಂದು ಮೊದಲು ನೋಡಿದೆ. ಎಣ್ಣೆ ಇತ್ತು, ಆದರೆ ಹಾಲು ಬೆರೆಸಿದಂತೆ ಬೆಳ್ಳಗಾಗಿತ್ತು. ಗೇರ್ ಲಿವರಿನ ರಬ್ಬರ್ ಹರಿದು ಮಳೆನೀರು ಇಳಿದಿತ್ತು.

ಮುಂದಿನ ಪರೀಕ್ಷೆಯೇ ಮುಖ್ಯ. ಕಲ್ಟಿವೇಟರನ್ನು ಪೂರ್ತಿ ಎತ್ತಿ ಎಂಜಿನ್ ಆರಿಸಿದೆ. ಎತ್ತುವುದು ನಿಧಾನವಾಗಿದ್ದರೂ ಎತ್ತಿದ ಭಾರ ಅಲ್ಲೇ ನಿಂತರೆ, ಎಣ್ಣೆ ಹೀರುವ ಕಡೆಯ ಜಾಲರಿಯನ್ನೋ ಪಂಪನ್ನೋ ಸಂಶಯಿಸಬೇಕು. ಜಾಲರಿ ಕಟ್ಟಿದ್ದರೆ ಎಣ್ಣೆ ಗಟ್ಟಿಯಾಗಿರುವ ಬೆಳಗಿನ ಹೊತ್ತಿನಲ್ಲೇ ತೊಂದರೆ ಹೆಚ್ಚು. ನನ್ನದು ಇದಕ್ಕೆ ತದ್ವಿರುದ್ಧ: ಎಂಜಿನ್ ನಿಂತ ಕೂಡಲೇ ಭಾರ ಕುಸಿಯಿತು, ಬಿಸಿಯಾದಷ್ಟೂ ಹೆಚ್ಚು ಕುಸಿಯಿತು. ತೆಳುವಾದ ಎಣ್ಣೆ ಸವೆದ ಸೀಲಿನ ಸಂದಿನಲ್ಲಿ ನುಸುಳುತ್ತಿದೆ ಎಂದು ಖಚಿತವಾಯಿತು. ತುಯ್ತಕ್ಕೂ ಕಾರಣ ಅದೇ. ಸೋರಿ ತೋಳು ಇಳಿಯುತ್ತದೆ, ಎಣ್ಣೆಯ ಹರಿವನ್ನು ನಿಯಂತ್ರಿಸುವ ವಾಲ್ವ್ ಮತ್ತೆ ತೆರೆದು ಎತ್ತುತ್ತದೆ, ಮತ್ತೆ ಸೋರುತ್ತದೆ.

ಎಣ್ಣೆಯನ್ನು ಒಂದಿಷ್ಟು ಇಳಿಸಿ, ಬಲಬದಿಯ ಪಕ್ಕದ ಮುಚ್ಚಳ ಬಿಚ್ಚಿ, ಭಾರ ಎತ್ತಿಸಿ ಟಾರ್ಚ್ ಬಿಟ್ಟೆ. ಒಳಗೆ ಶಾಫ್ಟ್ ತಿರುಗುತ್ತಿರುತ್ತದೆ, ಕೈ ಹಾಕಲೇಬಾರದು. ಒತ್ತಡದ ಎಣ್ಣೆಯ ಎಳೆ ಚರ್ಮವನ್ನೇ ತೂರಿಕೊಂಡು ಹೋಗಬಲ್ಲದು, ಕಣ್ಣಿನಿಂದಷ್ಟೇ ಹುಡುಕಬೇಕು. ಎತ್ತಿದ ಕಲ್ಟಿವೇಟರಿನ ಕೆಳಗೆ ಯಾರೂ ಸುಳಿಯಕೂಡದು.

ಕೊಳವೆಯ ಬುಡದಲ್ಲಿ ಎಣ್ಣೆ ಬೀಸಣಿಗೆಯಾಗಿ ಚಿಮ್ಮುತ್ತಿತ್ತು. ಈ ಕೊಳವೆ ತೆಗೆಯಲು ಲಿಫ್ಟ್ ಕವರ್ ಬಿಚ್ಚಬೇಕಿಲ್ಲ. ಭಾರವನ್ನು ನೆಲಕ್ಕಿಳಿಸಿ, ಎಂಜಿನ್ ಆರಿಸಿ, ಮೇಲಿನ ಟೋಪಿ ಬಿಚ್ಚಿದರೆ ಎಳೆದುಕೊಳ್ಳಬಹುದು. ಸೋರದಂತೆ ತಡೆಯುವ ಅದರ ರಬ್ಬರ್ ಓ-ರಿಂಗ್‌ಗಳು ಚಪ್ಪಟೆಯಾಗಿ, ಉಗುರಿಗೂ ಮಣಿಯದಷ್ಟು ಗಟ್ಟಿಯಾಗಿದ್ದವು. ಬದಲಿಸಿದ ಮೇಲೆ ಕುಸಿತ ತಗ್ಗಿತು, ನಿಲ್ಲಲಿಲ್ಲ. ಮತ್ತೆ ನೋಡಿದಾಗ ಸಿಲಿಂಡರಿನ ಬಾಯಿಂದ ಎಣ್ಣೆ ಇಳಿಯುತ್ತಿತ್ತು. ಇನ್ನು ಕವರ್ ಎತ್ತದೆ ಗತ್ಯಂತರವಿರಲಿಲ್ಲ. ಚೈನ್ ಪುಲ್ಲಿ ಕಟ್ಟಿಯೇ ಎತ್ತಬೇಕು, ಅಷ್ಟು ಭಾರ. ಸಿಲಿಂಡರಿನ ಒಳಗೋಡೆಯ ಮೇಲೆ ಬೆರಳಾಡಿಸಿದೆ, ಗೀರು ಇರಲಿಲ್ಲ. ಇದ್ದಿದ್ದರೆ ಹೊಸ ರಿಂಗ್ ಹಾಕಿಯೂ ಪ್ರಯೋಜನವಾಗುತ್ತಿರಲಿಲ್ಲ. ಪಿಸ್ಟನ್ನಿನ ರಿಂಗ್‌ಗಳನ್ನು ಬದಲಿಸಿ, ಹೊಸ ಗ್ಯಾಸ್ಕೆಟ್ ಇಟ್ಟು ಕವರ್ ಕೂರಿಸಿದೆ. ಒಳಗಿನ ಲಿವರ್ ವಾಲ್ವಿನ ಜಾಗಕ್ಕೆ ಸರಿಯಾಗಿ ಕೂತಿದೆಯೇ ಎಂದು ಪಕ್ಕದ ಕಿಂಡಿಯಿಂದ ನೋಡದೆ ಒಂದು ಬೋಲ್ಟನ್ನೂ ಬಿಗಿಯಬೇಡಿ.

ಬಿಳಿಚಿದ ಎಣ್ಣೆಯನ್ನೆಲ್ಲ ಚೆಲ್ಲಿ, ಜಾಲರಿ ತೊಳೆದು, ಕೈಪಿಡಿ ಹೇಳುವ ದರ್ಜೆಯ ಎಣ್ಣೆ ತುಂಬಿದೆ. ಗೇರ್ ಲಿವರಿಗೆ ಹೊಸ ರಬ್ಬರ್ ಹಾಕಿದೆ. ಈಗ ಬಿಸಿಯಲ್ಲೂ ಲಿಫ್ಟ್ ಕದಲುವುದಿಲ್ಲ. ಪಂಪ್ ಅದೇ ಹಳೆಯದು.