ಈಜೋಕೆ ಒಳ್ಳೆಯ ನೀರು ಸರಿ, ಮೀನಿಗೆ? ಜರ್ಮನಿಯ ಹೊಳೆ-ಸರೋವರಗಳ ಆರೋಗ್ಯ ಓದುವ ಬಗೆ

ಜರ್ಮನಿಗೆ ಬಂದ ಮೊದಲ ಬೇಸಿಗೆಯಲ್ಲಿ ನಮ್ಮವರು ತುಂಬಾ ಜನ ಹೇಳುವ ಮಾತು ಒಂದೇ: "ಇಲ್ಲಿ ನೀರು ಎಷ್ಟು ಕ್ಲೀನ್ ನೋಡಿ!" ಮ್ಯೂನಿಕ್‌ನಲ್ಲಿ ಇಸಾರ್ ದಡದಲ್ಲಿ ಕೂತರೆ ತಳದ ಕಲ್ಲುಗಳನ್ನು ಎಣಿಸಬಹುದು. ಊರಿನ ನಟ್ಟನಡುವೆ ಜನ ಈಜುತ್ತಾರೆ. ಬೆಳ್ಳಂದೂರು ಕೆರೆಯ ನೊರೆ ನೋಡಿ ಬಂದ ಕಣ್ಣಿಗೆ ಇದು ದೊಡ್ಡ ವಿಷಯವೇ. ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಒಂದು ದಿನ ಎರಡು ಲೆಕ್ಕಗಳು ಒಟ್ಟಿಗೆ ಕಣ್ಣಿಗೆ ಬಿದ್ದವು. ಜರ್ಮನಿಯಲ್ಲಿ ಸುಮಾರು 2,300 ಅಧಿಕೃತ ಈಜುತಾಣಗಳಿವೆ. ಹತ್ತರಲ್ಲಿ ಒಂಬತ್ತಕ್ಕೆ 'ಅತ್ಯುತ್ತಮ' ದರ್ಜೆ. ಅದೇ ದೇಶದ ಹೊಳೆ, ಸರೋವರ, ಕರಾವಳಿ ನೀರಿನಲ್ಲಿ ಜೀವಪರಿಸರದ ಲೆಕ್ಕಕ್ಕೆ 'ಒಳ್ಳೆಯದು' ಅಥವಾ ಅದಕ್ಕಿಂತ ಮೇಲಿನ ದರ್ಜೆ ಸಿಕ್ಕಿದ್ದು 2021ರ ಲೆಕ್ಕದಲ್ಲಿ ನೂರಕ್ಕೆ ಸುಮಾರು ಒಂಬತ್ತಕ್ಕೆ ಮಾತ್ರ.

ಎರಡೂ ನಿಜ. ಯಾಕೆಂದರೆ ಪರೀಕ್ಷೆಗಳೇ ಬೇರೆ ಬೇರೆ.

ಈಜುತಾಣದ ಪರೀಕ್ಷೆಯಲ್ಲಿ ಕೇಳುವುದು ಒಂದೇ ಪ್ರಶ್ನೆ: ಇಲ್ಲಿ ಮುಳುಗಿ ಎದ್ದರೆ ಮನುಷ್ಯನಿಗೆ ಕಾಯಿಲೆ ಬರುತ್ತದಾ? ಅದಕ್ಕೆ ಮುಖ್ಯವಾಗಿ ನೋಡುವುದು ಇ-ಕೋಲೈ ಮತ್ತು ಎಂಟೆರೊಕಾಕೈ ಅನ್ನುವ ಎರಡು ಬ್ಯಾಕ್ಟೀರಿಯಾಗಳನ್ನು. ಎರಡೂ ಕರುಳಿನಲ್ಲಿ ಇರುವಂಥವು. ನೀರಲ್ಲಿ ಅವು ಜಾಸ್ತಿ ಸಿಕ್ಕರೆ ಮಲದ ಅಂಶ ಸೇರಿದೆ ಅಂತ ಅರ್ಥ. ನಾಲ್ಕು ಬೇಸಿಗೆಗಳ ಲೆಕ್ಕ ಸೇರಿಸಿ ದರ್ಜೆ ಕೊಡುತ್ತಾರೆ. ಅಲ್ಲಿ ಮೀನಿದೆಯೋ ಇಲ್ಲವೋ, ದಡಕ್ಕೆ ಕಾಂಕ್ರೀಟ್ ಸುರಿದಿದ್ದಾರೋ ಅನ್ನುವುದು ಆ ದರ್ಜೆಗೆ ಸಂಬಂಧವೇ ಇಲ್ಲ.

ಇನ್ನೊಂದು ಪರೀಕ್ಷೆ ಬಂದಿದ್ದು 2000ನೇ ಇಸವಿಯ ಯುರೋಪಿಯನ್ ಒಕ್ಕೂಟದ ನೀರಿನ ಕಾನೂನಿನಿಂದ. ಜರ್ಮನ್ನಿನಲ್ಲಿ ಅದರ ಹೆಸರು ವಾಸರ್‌ರಾಮೆನ್‌ರಿಶ್ಟ್‌ಲೀನಿಯೆ. ಹೆಸರು ಉದ್ದ, ಆದರೆ ಒಳಗಿನ ಪ್ರಶ್ನೆ ಸರಳ: ಈ ನೀರಲ್ಲಿ ಯಾರು ಯಾರು ಬದುಕಿರಬೇಕಿತ್ತು, ಈಗ ಯಾರು ಉಳಿದಿದ್ದಾರೆ? ನಮ್ಮ ಕಡೆಯ ಪದ್ಧತಿ ನೆನಪಿದ್ದರೆ ವ್ಯತ್ಯಾಸ ಬೇಗ ಹೊಳೆಯುತ್ತದೆ. ಭಾರತದಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರಿಗೆ ಎ ಯಿಂದ ಇ ವರೆಗೆ ದರ್ಜೆ ಇಟ್ಟಿದೆ. ಬೆಂಗಳೂರಿನ ಕೆರೆಗಳ ವರದಿಯಲ್ಲಿ ಡಿ, ಇ ಅಂತ ನೋಡಿರುತ್ತೀರಿ. ಅದು ಬಳಕೆಯ ದರ್ಜೆ. ಕುಡಿಯೋಕಾಗುತ್ತಾ, ಸ್ನಾನಕ್ಕಾಗುತ್ತಾ, ಮೀನು ಸಾಕೋಕಾಗುತ್ತಾ, ಬರೀ ಗದ್ದೆಗೆ ಬಿಡೋಕಾ ಅಂತ. ಇಲ್ಲಿ ಹೊಳೆ ನಮಗೆ ಏನು ಕೊಡುತ್ತದೆ ಅನ್ನುವುದಕ್ಕಿಂತ ಹೊಳೆ ತಾನೇ ಹೇಗಿದೆ ಅಂತ ಕೇಳುತ್ತಾರೆ. ನನಗೆ ಈ ಕಾನೂನಿನಲ್ಲಿ ತುಂಬಾ ಹಿಡಿಸಿದ್ದು ಇದೇ.

ಅಳೆಯುವುದು ಹೇಗೆ? ಮೊದಲು ಹೊಳೆ ಯಾವ ಜಾತಿಯದು ಅಂತ ಗುರುತಿಸುತ್ತಾರೆ. ಆಲ್ಪ್ಸ್‌ನಿಂದ ಇಳಿಯುವ ತಣ್ಣನೆಯ ರಭಸದ ಹೊಳೆಗೂ ಬ್ರಾಂಡೆನ್‌ಬುರ್ಗ್‌ನ ಮರಳು ತಳದ ನಿಧಾನದ ಹೊಳೆಗೂ ಒಂದೇ ಅಳತೆಗೋಲು ಹಿಡಿದರೆ ಅನ್ಯಾಯ, ಮಲೆನಾಡಿನ ಹಳ್ಳವನ್ನೂ ಬಯಲುಸೀಮೆಯ ಹಳ್ಳವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಹಾಗೆ. ಜರ್ಮನಿಯಲ್ಲಿ ಹೊಳೆಗಳಿಗೇ ಸುಮಾರು 25 ಬಗೆ ಮಾಡಿದ್ದಾರೆ. ಪ್ರತಿ ಬಗೆಗೂ 'ಮನುಷ್ಯನ ಕೈ ಹೆಚ್ಚುಕಮ್ಮಿ ತಾಗದೆ ಇದ್ದಿದ್ದರೆ ಹೀಗಿರುತ್ತಿತ್ತು' ಅನ್ನುವ ಒಂದು ಮಾದರಿ ಇದೆ. ನಿಮ್ಮ ಹೊಳೆ ಆ ಮಾದರಿಗೆ ಎಷ್ಟು ಹತ್ತಿರ ಅನ್ನುವುದೇ ಅಂಕ. ಪೂರ್ತಿ ಹೋಲಿದರೆ 1, ಏನೂ ಉಳಿದಿಲ್ಲದಿದ್ದರೆ 0. ಅದನ್ನು ಐದು ಬಣ್ಣಕ್ಕೆ ಹಂಚುತ್ತಾರೆ. ನೀಲಿ ಅಂದರೆ ಅತ್ಯುತ್ತಮ, ಹಸಿರು ಒಳ್ಳೆಯದು, ಹಳದಿ ಸಾಧಾರಣ, ಕಿತ್ತಳೆ ಕಳಪೆ, ಕೆಂಪು ತೀರಾ ಕೆಟ್ಟದ್ದು.

ನೋಡುವುದು ನಾಲ್ಕು ಗುಂಪಿನ ಜೀವಿಗಳನ್ನು. ತೇಲುವ ಸೂಕ್ಷ್ಮ ಪಾಚಿ, ನೀರೊಳಗಿನ ಗಿಡಗಳು ಮತ್ತು ಕಲ್ಲಿಗೆ ಅಂಟಿದ ಪಾಚಿ, ತಳದಲ್ಲಿರುವ ಚಿಕ್ಕ ಹುಳುಗಳು, ಮೀನುಗಳು. ಇದರಲ್ಲಿ ಹುಳುಗಳ ಕಥೆಯೇ ನನಗೆ ಪ್ರೀತಿ. ಮಗಳ ಶಾಲೆಯವರು ಒಮ್ಮೆ ಮಕ್ಕಳನ್ನು ಹತ್ತಿರದ ತೊರೆಗೆ ಕರೆದುಕೊಂಡು ಹೋಗಿದ್ದರು, ಜೊತೆಗೆ ನಾನೂ ಹೋಗಿದ್ದೆ. ಮೊಣಕಾಲುದ್ದ ನೀರಿನಲ್ಲಿ ನಿಂತು ಒಂದು ಕಲ್ಲು ಎತ್ತಿ ತಿರುಗಿಸಿದರೆ ಅಡಿಯಲ್ಲಿ ಬೆರಳುಗುರಿನಷ್ಟು ದೊಡ್ಡ ಊರೇ ಇತ್ತು. ಚಪ್ಪಟೆ ಮೈಯ ಮೇಫ್ಲೈ ಮರಿ, ಎರಡು ಬಾಲದ ಸ್ಟೋನ್‌ಫ್ಲೈ ಮರಿ, ಮರಳ ಕಾಳು ಅಂಟಿಸಿಕೊಂಡು ಕೊಳವೆಮನೆ ಕಟ್ಟಿಕೊಂಡ ಕ್ಯಾಡಿಸ್ ಹುಳ. ಸ್ಟೋನ್‌ಫ್ಲೈ ಮರಿಗೆ ತಣ್ಣನೆಯ, ಆಮ್ಲಜನಕ ತುಂಬಿದ ನೀರೇ ಬೇಕು. ಅದು ಸಿಕ್ಕರೆ ಖುಷಿ ಪಡಬಹುದು. ಬರೀ ಕೆಂಪು ಹುಳುಗಳೇ ತುಂಬಿಕೊಂಡಿದ್ದರೆ ಅಲ್ಲಿ ಆಮ್ಲಜನಕ ಕಮ್ಮಿ ಅಂತ ಅನುಮಾನ ಪಡಬೇಕು. ಒಂದು ದಿನ ಬಾಟಲಿಯಲ್ಲಿ ಹಿಡಿದ ನೀರು ಆ ದಿನದ ಕಥೆ ಮಾತ್ರ ಹೇಳುತ್ತದೆ, ಆದರೆ ಈ ಹುಳು ತಿಂಗಳುಗಟ್ಟಲೆ ಅಲ್ಲೇ ಇದ್ದು ರಾತ್ರಿ ಕದ್ದು ಬಿಟ್ಟ ಕೊಳಕಿಗೂ ಸಾಕ್ಷಿಯಾಗಿರುತ್ತದೆ. ಈ ಯೋಚನೆ ಹುಟ್ಟಿದ್ದೂ ಜರ್ಮನಿಯಲ್ಲೇ. ಕೋಲ್ಕ್‌ವಿಟ್ಸ್ ಮತ್ತು ಮಾರ್ಸೋನ್ ಅನ್ನುವ ಇಬ್ಬರು ವಿಜ್ಞಾನಿಗಳು 20ನೇ ಶತಮಾನದ ಶುರುವಿನಲ್ಲೇ, ಯಾವ ಜೀವಿ ಎಷ್ಟು ಕೊಳಕು ತಡೆಯುತ್ತದೆ ಅಂತ ಪಟ್ಟಿ ಮಾಡಿದ್ದರು.

ಮೀನು ಎಣಿಸಲು ನೀರಿಗೆ ಸಣ್ಣ ಕರೆಂಟ್ ಬಿಡುತ್ತಾರೆ. ಮೀನು ಕ್ಷಣಕಾಲ ಮಂಕಾಗುತ್ತದೆ, ಹಿಡಿದು ಅಳೆದು ವಾಪಸ್ ಬಿಡುತ್ತಾರೆ. ದಾರಿಯಲ್ಲಿ ಕಂಡರೆ ಗಾಬರಿ ಬೇಡ, ತರಬೇತಿ ಪಡೆದವರು ಅನುಮತಿ ತಗೊಂಡೇ ಮಾಡುವ ಕೆಲಸ ಅದು.

ಈಗ ಮುಖ್ಯ ವಿಷಯ. ಈ ಅಂಕಗಳ ಸರಾಸರಿ ತೆಗೆಯುವುದಿಲ್ಲ. ಯಾವ ಗುಂಪು ತೀರಾ ಹಿಂದೆ ಬಿದ್ದಿದೆಯೋ ಅದರ ದರ್ಜೆಯೇ ಇಡೀ ಹೊಳೆಯ ದರ್ಜೆ. ಐದು ಸಬ್ಜೆಕ್ಟಲ್ಲಿ ಎಷ್ಟೇ ಬಂದಿರಲಿ, ಗಣಿತದಲ್ಲಿ ಹೋದರೆ ಎಸ್ಸೆಸ್ಸೆಲ್ಸಿ ಫೇಲ್ ಅಲ್ವಾ, ಹಾಗೆ. ಗಿಡ, ಹುಳು ಎಲ್ಲ ಹಸಿರಿದ್ದರೂ ಮೀನು ಕಿತ್ತಳೆ ಬಂದರೆ ಹೊಳೆ ಕಿತ್ತಳೆಯೇ. ತುಂಬಾ ಕಟ್ಟುನಿಟ್ಟು, ಸುಧಾರಣೆ ಕಾಣುವುದೇ ಇಲ್ಲ ಅಂತ ಇಲ್ಲಿ ಹಲವರು ಬೇಸರ ಮಾಡಿಕೊಳ್ಳುತ್ತಾರೆ. ಆ ದೂರಿನಲ್ಲಿ ಸ್ವಲ್ಪ ನಿಜ ಇದೆ. ಆದರೂ ನಾನು ಈ ನಿಯಮದ ಪರ. ಸರಾಸರಿ ಮಾಡಿದರೆ ಕಾಣೆಯಾದ ಮೀನನ್ನು ಗಿಡಗಳ ಹಿಂದೆ ಬಚ್ಚಿಡಬಹುದು.

ಹಾಗಾದರೆ ಕ್ಲೀನ್ ನೀರು ಫೇಲ್ ಆಗುವುದು ಯಾಕೆ? ಚರಂಡಿ ನೀರಿನ ಸಮಸ್ಯೆಯನ್ನು ಈ ದೇಶ ಬಹುಮಟ್ಟಿಗೆ ಗೆದ್ದಿದೆ. ರೂರ್ ಪ್ರದೇಶದ ಎಂಶರ್ ನದಿ ನೂರಕ್ಕೂ ಹೆಚ್ಚು ವರ್ಷ ತೆರೆದ ಗಟಾರವೇ ಆಗಿತ್ತು. ಅದರ ಪಕ್ಕದಲ್ಲಿ ನೆಲದಡಿ 51 ಕಿಲೋಮೀಟರ್ ಕೊಳವೆ ಹಾಕಿ, 2021ರ ಕೊನೆಗೆ ಕೊಳಚೆ ಪೂರ್ತಿ ನಿಲ್ಲಿಸಿದರು. ಉಳಿದಿರುವುದು ಕಣ್ಣಿಗೆ ಕಾಣದ ತೊಂದರೆಗಳು. ಹೊಲದ ಗೊಬ್ಬರದಿಂದ ಬರುವ ನೈಟ್ರೇಟ್ ಮತ್ತು ಫಾಸ್ಫರಸ್. ನೇರ ಮಾಡಿಬಿಟ್ಟ ಹೊಳೆಗಳು. ಜೊತೆಗೆ ದೇಶದ ತುಂಬಾ ಸುಮಾರು 2 ಲಕ್ಷ ಅಡ್ಡಗಟ್ಟೆಗಳು, ಮೀನು ಮೊಟ್ಟೆ ಇಡಲು ಮೇಲಕ್ಕೆ ಹೋಗೋಕೇ ಆಗಲ್ಲ. 2022ರ ಆಗಸ್ಟ್‌ನಲ್ಲಿ ಓಡರ್ ನದಿಯಲ್ಲಿ ರಾಶಿ ರಾಶಿ ಮೀನು ಸತ್ತಾಗಲೂ ಕಾರಣ ಹೀಗೇ ಸೇರಿಕೊಂಡಿತ್ತು. ನೀರಿಗೆ ಬಿಟ್ಟ ಉಪ್ಪು, ಬಿಸಿಲು, ಕಮ್ಮಿ ನೀರು ಎಲ್ಲ ಕೂಡಿ, ಉಪ್ಪು ನೀರಲ್ಲಿ ಬೆಳೆಯುವ ವಿಷದ ಪಾಚಿ ನದಿ ತುಂಬಾ ಹಬ್ಬಿತು.

ಸರೋವರಗಳು ಸ್ವಲ್ಪ ವಾಸಿ. ಬೋಡೆನ್‌ಜೇ ಸರೋವರದಲ್ಲಿ 1980ರ ಹೊತ್ತಿಗೆ ಲೀಟರಿಗೆ 80 ಮೈಕ್ರೋಗ್ರಾಂಗಿಂತ ಜಾಸ್ತಿ ಇದ್ದ ಫಾಸ್ಫರಸ್ ಈಗ 10ಕ್ಕಿಂತ ಕೆಳಗಿದೆ. ಕರಾವಳಿಯ ಸುದ್ದಿ ಬೇಸರದ್ದು. ಬಾಲ್ಟಿಕ್, ಉತ್ತರ ಸಮುದ್ರ ಎರಡರಲ್ಲೂ ಜರ್ಮನಿಯ ಕಡೆ ಒಂದು ತುಂಡಿಗೂ ಹಸಿರು ಸಿಕ್ಕಿಲ್ಲ. ಹೊಳೆಗಳು ಹೊತ್ತು ತಂದ ಗೊಬ್ಬರ ಕೊನೆಗೆ ಸೇರುವುದು ಅಲ್ಲೇ. ಪಾಚಿ ಹೆಚ್ಚಿ ಬೆಳಕು ಕೆಳಗಿಳಿಯದೆ ಕಡಲಹುಲ್ಲು ಆಳದಲ್ಲಿ ಸಾಯುತ್ತದೆ.

ನಿಮ್ಮ ಹೊಳೆಯ ಜಾತಕ ನೋಡಬೇಕಾ? 'ವಾಸರ್‌ಕೋರ್ಪರ್‌ಸ್ಟೆಕ್‌ಬ್ರೀಫ್' (Wasserkörpersteckbrief) ಅಂತ ಹುಡುಕಿ. ಕೊಬ್ಲೆನ್ಸ್‌ನ ಕೇಂದ್ರ ಜಲವಿಜ್ಞಾನ ಸಂಸ್ಥೆಯ ನಕ್ಷೆ ಸಿಗುತ್ತದೆ. ಸಣ್ಣ ತೊರೆ ಅಥವಾ 50 ಹೆಕ್ಟೇರಿಗಿಂತ ಚಿಕ್ಕ ಕೆರೆ ಸಾಮಾನ್ಯವಾಗಿ ಅದರಲ್ಲಿ ಇರಲ್ಲ. ಜಾತಕದಲ್ಲಿ ಮೊದಲು ಜೀವಿಗಳ ಸಾಲು ನೋಡಿ, ಯಾವುದು ಹಿಂದೆ ಎಳೆದಿದೆ ಅಂತ ಅಲ್ಲೇ ಗೊತ್ತಾಗುತ್ತದೆ. 'ಪೊಟೆನ್ಸಿಯಾಲ್' (Potenzial) ಅನ್ನುವ ಪದ ಇದ್ದರೆ, ಹಡಗು ಸಂಚಾರ, ನೆರೆ ತಡೆಯಂಥ ಕಾರಣಕ್ಕೆ ಹೊಳೆಯನ್ನು ತುಂಬಾ ಬದಲಿಸಿದ್ದಾರೆ, ಗುರಿಯೂ ಅದಕ್ಕೆ ತಕ್ಕಂತೆ ಸಡಿಲ ಅಂತ ಅರ್ಥ. ರಾಸಾಯನಿಕದ ದರ್ಜೆ ಬೇರೆ ಇರುತ್ತದೆ, ಅದು ದೇಶದ ಎಲ್ಲ ಕಡೆಯೂ ಕೆಂಪೇ. ಮುಖ್ಯ ಕಾರಣ ಎಲ್ಲೆಲ್ಲೂ ಹರಡಿರುವ ಪಾದರಸ. ಅದನ್ನು ನೋಡಿ ನಲ್ಲಿ ನೀರಿಗೆ ಹೆದರಬೇಡಿ, ಕುಡಿಯುವ ನೀರಿನ ಪರೀಕ್ಷೆಯೇ ಬೇರೆ.

ಮಕ್ಕಳನ್ನು ಈಜಿಗೆ ಕರೆದುಕೊಂಡು ಹೋಗುವವರಿಗೆ ಎರಡು ಮಾತು. ಜೋರು ಮಳೆ ಬಂದ ಮೇಲೆ ಎರಡು ಮೂರು ದಿನ ಹೊಳೆಗೆ ಇಳಿಸಬೇಡಿ, ಚರಂಡಿ ಉಕ್ಕಿ ಸೇರಿರುತ್ತದೆ. ಸರೋವರದಲ್ಲಿ ಮೊಣಕಾಲುದ್ದ ನಿಂತಾಗ ಹಸಿರು ಪಾಚಿಯಿಂದ ನಿಮ್ಮ ಪಾದ ಕಾಣದಿದ್ದರೆ ವಾಪಸ್ ಬನ್ನಿ.

ಗಣೇಶನ ಹಬ್ಬದ ವಿಷಯವನ್ನೂ ಹೇಳಲೇಬೇಕು. ಬೇಡದ್ದನ್ನು ನೀರಿಗೆ ಹಾಕುವುದಕ್ಕೆ ಇಲ್ಲಿನ ನೀರಿನ ಕಾನೂನಿನಲ್ಲಿ ಅವಕಾಶ ಇಲ್ಲ. ಹೂವು, ಬಣ್ಣದ ಮೂರ್ತಿ ಹತ್ತಿರದ ಸರೋವರಕ್ಕೆ ಬಿಡುವುದು ಬೇಡ. ಮಣ್ಣಿನ ಗಣಪನನ್ನು ಬಕೆಟ್ಟಿನಲ್ಲಿ ಬಿಟ್ಟು, ಕರಗಿದ ಮಣ್ಣನ್ನು ಗಿಡಕ್ಕೆ ಹಾಕಿ. ಬಾತುಕೋಳಿಗೆ ಬ್ರೆಡ್ ಹಾಕುವುದೂ ಬೇಡ, ತಿನ್ನದೆ ಉಳಿದದ್ದು ಪಾಚಿಗೆ ಗೊಬ್ಬರವಾಗುತ್ತದೆ.

ಕೊನೆಗೆ ಒಂದು ದಿನಾಂಕ ಬರೆದಿಟ್ಟುಕೊಳ್ಳಿ. ಪ್ರತಿ ದೊಡ್ಡ ನದಿಯ ಜಲಾನಯನ ಪ್ರದೇಶಕ್ಕೂ ಆರು ವರ್ಷದ ಯೋಜನೆ ಇರುತ್ತದೆ. ಈಗಿನದು 2027ಕ್ಕೆ ಮುಗಿಯುತ್ತದೆ. ಮುಂದಿನ ಯೋಜನೆಯ ಕರಡನ್ನು 2026ರ ಡಿಸೆಂಬರ್ 22ರೊಳಗೆ ಜನರ ಮುಂದಿಡಬೇಕು. ಅಲ್ಲಿಂದ ಆರು ತಿಂಗಳು ಯಾರು ಬೇಕಾದರೂ ಅಭಿಪ್ರಾಯ ಬರೆಯಬಹುದು. ಕಾನೂನಿನಲ್ಲಿ 'ಯಾವುದೇ ವ್ಯಕ್ತಿ' ಅಂತಲೇ ಇದೆ, ಪಾಸ್‌ಪೋರ್ಟ್ ಯಾವುದು ಅಂತ ಇಲ್ಲ. ನಮ್ಮ ಹೊಳೆಯಲ್ಲಿ ಮೀನು ಕಿತ್ತಳೆ ಇದೆ, ಗಿರಣಿಯ ಹತ್ತಿರದ ಅಡ್ಡಗಟ್ಟೆಗೆ ಮೀನು ಹತ್ತುವ ದಾರಿ ಯಾವಾಗ ಮಾಡುತ್ತೀರಿ ಅಂತ ಸರಳ ಜರ್ಮನ್ನಿನಲ್ಲಿ ಎರಡು ಸಾಲು ಬರೆದರೂ ಸಾಕು, ಅದನ್ನು ಅವರು ದಾಖಲೆಗೆ ತಗೊಳ್ಳುತ್ತಾರೆ.