ಒಂದನೇ ಕಾಲದಲ್ಲಿ ನಿಲ್ಲುವ ಅಭ್ಯಾಸ

ಉದ್ಯೋಗ, ಸಂಸಾರಗಳ ನಡುವೆ ನಡುವಯಸ್ಸಿನಲ್ಲಿ ಕರ್ನಾಟಕ ಸಂಗೀತ ಕಲಿಯಲು ಕೂರುವವರಿಗೆ ಸಹಜವಾಗಿಯೇ ಒಂದು ಅವಸರ ಇರುತ್ತದೆ. ಎಷ್ಟೋ ಕೃತಿಗಳು, ದೇವರನಾಮಗಳು ಕಿವಿಯಲ್ಲಿ ತುಂಬಿರುತ್ತವೆ. ಕಂಠ ಮಾತ್ರ ಅದಕ್ಕೆ ಸಿದ್ಧವಾಗಿರುವುದಿಲ್ಲ. ಬೇಕೆಂದ ಕೃತಿಯ ಪಾಠ ಮೊಬೈಲಿನಲ್ಲಿ ಅರೆಕ್ಷಣಕ್ಕೆ ಸಿಗುವಾಗ, ಮೊದಲ ಸ್ವರಾಭ್ಯಾಸಗಳಾದ ಸರಳೆ ವರಸೆಗಳನ್ನೇ ತಿಂಗಳುಗಟ್ಟಲೆ ಹಾಡುತ್ತಾ ಕೂರಲು ಬೇಕಾದ ತಾಳ್ಮೆಯನ್ನು ಎಲ್ಲಿಂದ ತರುವುದು? ಗಟ್ಟಿ ಮನಸ್ಸು ಮಾಡಿದರೆ ಸಾಕೆಂದು ಬಹಳ ಜನ ಹೇಳುತ್ತಾರೆ. ನನಗೆ ತಾಳ್ಮೆ ಬಂದದ್ದು ಆ ದಾರಿಯಿಂದಲ್ಲ, ಕಿವಿಯ ಮೂಲಕ.

ಆರಂಭದ ಪಾಠಗಳನ್ನು ಮಾಯಾಮಾಳವಗೌಳ ರಾಗದಲ್ಲಿ ಹೇಳಿಕೊಡುವ ಪದ್ಧತಿಯನ್ನು ನಮ್ಮ ಪರಂಪರೆ ಪುರಂದರದಾಸರಿಗೆ ಸಲ್ಲಿಸುತ್ತದೆ. ಹದಿನೈದನೆಯ ಮೇಳಕರ್ತವಾದ (ಏಳೂ ಸ್ವರಗಳಿರುವ ಮೂಲ ರಾಗವಾದ) ಈ ರಾಗದ ರಚನೆಯನ್ನು ಗಮನಿಸಿದರೆ ಆ ಆಯ್ಕೆಯ ಹಿಂದಿನ ವಿವೇಕ ಕಾಣುತ್ತದೆ. ಶುದ್ಧ ರಿಷಭವು (ರಿ) ಷಡ್ಜದ (ಸ) ಪಕ್ಕದ ಸ್ವರಸ್ಥಾನದಲ್ಲೇ ಇದೆ. ಅಲ್ಲಿಂದ ಅಂತರ ಗಾಂಧಾರಕ್ಕೆ (ಗ) ದೊಡ್ಡ ಜಿಗಿತ. ಗಾಂಧಾರದಿಂದ ಶುದ್ಧ ಮಧ್ಯಮ (ಮ) ಮತ್ತೆ ಅತಿ ಸಮೀಪ. ಪಂಚಮದಿಂದ (ಪ) ತಾರ ಷಡ್ಜದವರೆಗೆ (ಮೇಲಿನ ಸ) ಇದೇ ಅಂತರಗಳು ಇದೇ ಕ್ರಮದಲ್ಲಿ ಮರುಕಳಿಸುತ್ತವೆ. ಕೆಳಗಿನ ಅರ್ಧದಲ್ಲಿ ಕಲಿತದ್ದನ್ನು ಮೇಲಿನ ಅರ್ಧದಲ್ಲಿ ಪರೀಕ್ಷಿಸಿಕೊಳ್ಳಬಹುದಾದ ಈ ಅನುಕೂಲ ನನಗೆ ತಿಳಿದದ್ದು ಪುಸ್ತಕದಿಂದಲ್ಲ, ಗುರುಗಳು ಒಂದನೇ ಕಾಲದಲ್ಲೇ, ಅಂದರೆ ಅತಿ ನಿಧಾನದ ವೇಗದಲ್ಲೇ, ನನ್ನನ್ನು ನಿಲ್ಲಿಸಿದ್ದರಿಂದ.

ಒಂದನೇ ಕಾಲವೆಂದರೆ ಆದಿತಾಳದ ಎಂಟು ಅಕ್ಷರಗಳಲ್ಲಿ (ಎಣಿಕೆಗಳಲ್ಲಿ) ಅಕ್ಷರಕ್ಕೊಂದು ಸ್ವರ. ಎರಡನೇ ಕಾಲದಲ್ಲಿ ಎರಡು, ಮೂರನೇ ಕಾಲದಲ್ಲಿ ನಾಲ್ಕು. ಮೂರನೇ ಕಾಲದಲ್ಲಿ ಒಂದೇ ಆವರ್ತದೊಳಗೆ (ತಾಳದ ಒಂದು ಸುತ್ತಿನೊಳಗೆ) ಮೂವತ್ತೆರಡು ಸ್ವರಗಳು ಓಡಿಹೋಗುವುದರಿಂದ ಹಾಡುವವರಿಗೆ ಏನೋ ಸಾಧಿಸಿದ ಸಂತೋಷ ತಕ್ಷಣ ಸಿಗುತ್ತದೆ, ಆದರೆ ಯಾವ ಸ್ವರ ತನ್ನ ಸ್ಥಾನದಲ್ಲಿ ನಿಂತಿತು, ಯಾವುದು ಜಾರಿತು ಎಂಬುದು ಆ ಓಟದಲ್ಲಿ ಮುಚ್ಚಿಹೋಗುತ್ತದೆ. ಒಂದನೇ ಕಾಲದಲ್ಲಿ ಬಚ್ಚಿಡಲು ಜಾಗವೇ ಇಲ್ಲ. ತಂಬೂರಿಯ ಶ್ರುತಿಯಲ್ಲಿ ‘ಸನಿದಪ’ ಎಂದು ಇಳಿಯುವಾಗ ನನ್ನ ಧೈವತ (ದ) ಇರಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಮೇಲೆ ನಿಲ್ಲುತ್ತಿತ್ತು. ಗುರುಗಳು ಏನನ್ನೂ ವಿವರಿಸದೆ, ಪಂಚಮವನ್ನು ಉಸಿರಿರುವಷ್ಟು ಹೊತ್ತು ಹಿಡಿಸಿ, ಅಲ್ಲಿಂದ ಧೈವತಕ್ಕೆ ಹತ್ತಿಸಿ, ಮತ್ತೆ ಪಂಚಮಕ್ಕೆ ಇಳಿಸುತ್ತಿದ್ದರು. ಕೆಲವು ವಾರ ಹೀಗೆಯೇ ನಡೆದ ಮೇಲೆ, ಧೈವತ ಸರಿಯಾದ ಜಾಗಕ್ಕೆ ಬಂದಾಗ ತಂಬೂರಿಯ ನಾದದೊಂದಿಗೆ ಅದು ಹೊಂದಿಕೊಳ್ಳುವ ರೀತಿ ನನಗೇ ಕೇಳಿಸತೊಡಗಿತು. ಅಲ್ಲಿಂದ ಮುಂದೆ ನಿಧಾನವೆಂಬುದು ಸಹಿಸಿಕೊಳ್ಳಬೇಕಾದ ಸಂಗತಿಯಾಗಿ ಉಳಿಯಲಿಲ್ಲ, ಏಕೆಂದರೆ ಅದರೊಳಗೆ ಕೇಳಲು ಬೇಕಾದಷ್ಟಿತ್ತು.

ಆದರೂ ಅವಸರ ಒಮ್ಮೆಗೇ ಬಿಟ್ಟುಹೋಗುವುದಿಲ್ಲ. ಅದು ಯಾವಾಗ ತಲೆಯೆತ್ತುತ್ತದೆ ಎಂದು ಗಮನಿಸಿದ್ದು ನನಗೆ ಬಹಳ ಉಪಯೋಗಕ್ಕೆ ಬಂತು. ತಪ್ಪಿದಾಗ ಬರುವ ಬೇಸರಕ್ಕಿಂತ, ಒಂದು ವರಸೆ ಮೊದಲ ಬಾರಿಗೆ ಸರಿಯಾಗಿ ಬಂದ ಕೂಡಲೇ ಹುಟ್ಟುವ ‘ಇನ್ನು ಮುಂದಿನದಕ್ಕೆ ಹೋಗೋಣ’ ಎಂಬ ಆಸೆಯೇ ಹೆಚ್ಚು ಬಲವಾದದ್ದು. ಆ ಗಳಿಗೆಯಲ್ಲಿ ಅದೇ ವರಸೆಯನ್ನು ಅದೇ ಕಾಲದಲ್ಲಿ ಇನ್ನೊಂದು ಆವರ್ತ ಹಾಡಬೇಕೆಂಬುದು ನಾನು ಹಾಕಿಕೊಂಡ ಕಟ್ಟುಪಾಡು. ಇನ್ನೊಂದೇ ಆವರ್ತವೆಂದರೆ ಮನಸ್ಸು ಒಪ್ಪುತ್ತದೆ. ಅದು ಮುಗಿಯುವಷ್ಟರಲ್ಲಿ ಆಸೆಯ ಬಿಸಿ ಸಾಕಷ್ಟು ಆರಿರುತ್ತದೆ.

ಅಭ್ಯಾಸದ ಹೊತ್ತಿನಲ್ಲಿ ಮೊಬೈಲನ್ನು ಬೇರೆ ಕೋಣೆಯಲ್ಲಿಡುವುದು ಎರಡನೆಯ ಏರ್ಪಾಡು. ಶ್ರುತಿಗೂ ಅದನ್ನು ಬಳಸದೆ ಪ್ರತ್ಯೇಕ ಶ್ರುತಿಪೆಟ್ಟಿಗೆ ಇಟ್ಟುಕೊಂಡಿದ್ದೇನೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಮನೋವಿಜ್ಞಾನಿ ವಾಲ್ಟರ್ ಮಿಷೆಲ್ ಮತ್ತು ಸಂಗಡಿಗರು ಕಾದರೆ ಹೆಚ್ಚು ಇಷ್ಟದ ತಿಂಡಿ ಕೊಡುವುದಾಗಿ ಹೇಳಿ ಪುಟ್ಟ ಮಕ್ಕಳ ಮೇಲೆ ನಡೆಸಿದ, 1970ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತಿಂಡಿ ಕಣ್ಣೆದುರಿಗೆ ಇಲ್ಲದಿದ್ದಾಗ ಮಕ್ಕಳು ಹೆಚ್ಚು ಹೊತ್ತು ಕಾದರು. ಬಾಲ್ಯದ ಈ ಸಂಯಮವು ಮುಂದಿನ ಬದುಕಿನ ಯಶಸ್ಸನ್ನು ತೋರಿಸುತ್ತದೆಂಬ ಮಾತು 2018ರಲ್ಲಿ ಹೆಚ್ಚು ಮಕ್ಕಳನ್ನು ಒಳಗೊಂಡ ಅಧ್ಯಯನದಲ್ಲಿ ಬಹಳ ಮಟ್ಟಿಗೆ ದುರ್ಬಲಗೊಂಡಿತು. ಆದರೆ ಕಣ್ಣಿಗೆ ಕಾಣದ ಆಮಿಷವನ್ನು ತಡೆಯುವುದು ಸುಲಭ ಎಂಬುದನ್ನು ನಾನು ದಿನವೂ ಅನುಭವಿಸಿದ್ದೇನೆ. ಮೊಬೈಲು ಪಕ್ಕದಲ್ಲಿದ್ದರೆ, ನಾನು ಕಲಿಯಬೇಕಾದ ವರಸೆಯನ್ನೇ ಇನ್ನೊಬ್ಬರು ಹೇಗೆ ಹಾಡಿದ್ದಾರೆಂದು ನೋಡುವ ನೆಪದಲ್ಲಿ ಅಭ್ಯಾಸ ಮುಗಿದೇಹೋಗುತ್ತದೆ.

ನನ್ನ ಹಾಡಿಕೆಯನ್ನು ವಾರಕ್ಕೊಮ್ಮೆ ಧ್ವನಿಮುದ್ರಿಸಿಕೊಳ್ಳುತ್ತೇನೆ, ಆದರೆ ಆ ದಿನವೇ ಕೇಳುವುದಿಲ್ಲ. ಹಾಡಿದ ಬೆನ್ನಲ್ಲೇ ಕೇಳಿದರೆ ಹೊಗಳಿಕೆಯನ್ನೋ ಸಮಾಧಾನವನ್ನೋ ಹುಡುಕುವ ಕಿವಿಯಿಂದ ಕೇಳುತ್ತೇವೆ. ಕೆಲವು ದಿನ ಬಿಟ್ಟು ಕೇಳಿದರೆ ಬೇರೆಯವರ ಹಾಡಿಕೆಯನ್ನು ಕೇಳುವಷ್ಟು ನಿಷ್ಠುರವಾಗಿ ಅಪಸ್ವರಗಳು ಗೊತ್ತಾಗುತ್ತವೆ.

ಈಗ ಸಪ್ತತಾಳದ ಅಲಂಕಾರಗಳನ್ನು, ಅಂದರೆ ಏಳು ತಾಳಗಳಲ್ಲಿ ಕಟ್ಟಿದ ಸ್ವರಾಭ್ಯಾಸಗಳನ್ನು, ಕಲಿಯುತ್ತಿದ್ದೇನೆ. ಹದಿನಾಲ್ಕು ಅಕ್ಷರಗಳ ಧ್ರುವತಾಳದಲ್ಲಿ ಲಘುಗಳ (ಬೆರಳೆಣಿಸುವ ಭಾಗಗಳ) ಎಣಿಕೆ ತಪ್ಪದಂತೆ ಬೆರಳಿನ ಮೇಲೆ ಗಮನವಿಟ್ಟು ಸ್ವರವನ್ನೂ ಕಾಯುವುದು ಕಷ್ಟದ ಕೆಲಸ, ಆದ್ದರಿಂದಲೇ ಇಲ್ಲಿಯೂ ಒಂದನೇ ಕಾಲಕ್ಕೆ ಹೆಚ್ಚು ಹೊತ್ತು ಕೊಡುತ್ತೇನೆ. ದೊಡ್ಡವರಿಗೆ ಪಾಠ ಹೇಳುವವರಲ್ಲಿ ನನ್ನ ವಿನಂತಿ ಒಂದೇ: ಶಿಷ್ಯರು ಬೇಸತ್ತು ಬಿಟ್ಟುಹೋದಾರೆಂಬ ಅಂಜಿಕೆಯಿಂದ ವರಸೆಗಳನ್ನು ಹಾರಿಸಿ ನೇರವಾಗಿ ಕೃತಿಗೆ ಕರೆದೊಯ್ಯಬೇಡಿ, ನಿಧಾನದಲ್ಲಿ ಏನನ್ನು ಕೇಳಬೇಕು ಎಂಬುದನ್ನು ತೋರಿಸಿಕೊಟ್ಟರೆ ಅವರು ಉಳಿಯುತ್ತಾರೆ.