ಮುದಿ ಲ್ಯಾಬ್ರಡಾರ್‌ನ ಗೊರಗೊರ ಉಸಿರು: ಕೆಲಸಕ್ಕೆ ಬಂದದ್ದು

ಬೊಗಳುವ ದನಿ ಒಡಕಾಗಿ, ಉಸಿರು ಒಳಗೆಳೆಯುವಾಗ ಗೊರಗೊರ ಸದ್ದು ಬಂದರೆ ಬರೀ ಕೆಮ್ಮೆಂದು ಬಿಡಬೇಡಿ. ವಯಸ್ಸಾದ ಲ್ಯಾಬ್ರಡಾರ್‌ಗಳಲ್ಲಿ ಧ್ವನಿಪೆಟ್ಟಿಗೆಯ ನರ ಸೋತು, ಉಸಿರೆಳೆದಾಗ ತೆರೆಯಬೇಕಾದ ದಾರಿ ತೆರೆಯುವುದಿಲ್ಲ. ನಮ್ಮ ನಾಯಿಗೂ ಇದೇ. ಹಗುರ ಅರಿವಳಿಕೆ ಕೊಟ್ಟು ಗಂಟಲು ನೋಡಿದ ಮೇಲೆಯೇ ಖಚಿತವಾಯಿತು.

ಕುತ್ತಿಗೆ ಪಟ್ಟಿ ತೆಗೆದು ಎದೆಗೆ ಹಾಕುವ ಹಾರ್ನೆಸ್ ತಂದೆವು. ವಾಕಿಂಗ್ ಬಿಸಿಲೇರುವ ಮುಂಚೆ ಮಾತ್ರ. ಎಲ್ಲಕ್ಕಿಂತ ಫಲ ಕೊಟ್ಟದ್ದು ತೂಕ ಇಳಿಸಿದ್ದು. ಪುಡಿಪುಡಿ ಆಹಾರ ಶ್ವಾಸನಾಳಕ್ಕೆ ಜಾರಿದರೆ ನ್ಯುಮೋನಿಯಾ ಬರಬಹುದು. ಹಾಗಾಗಿ ಮೆತ್ತಗಿನ ಉಂಡೆ ಕಟ್ಟಿ ಸ್ವಲ್ಪಸ್ವಲ್ಪವೇ ಕೊಡುತ್ತೇವೆ. ನಿದ್ದೆಯಲ್ಲಿ ಉಸಿರು ನಿಮಿಷಕ್ಕೆ 30 ದಾಟುತ್ತಲೇ ಇದ್ದರೆ ವೈದ್ಯರಿಗೆ ಫೋನ್ ಮಾಡಿ. ವಸಡು ನೀಲಿಯಾದರೆ ಮೈಗೆ ತಣ್ಣೀರು ಹಾಕುತ್ತಲೇ ಆಸ್ಪತ್ರೆಗೆ ಓಡಬೇಕು.

ಇಷ್ಟಕ್ಕೂ ಬಗ್ಗದಿದ್ದರೆ ಧ್ವನಿಪೆಟ್ಟಿಗೆಯ ಒಂದು ಬದಿಯನ್ನು ಹೊಲಿದು ತೆರೆದಿಡುವ ಶಸ್ತ್ರಚಿಕಿತ್ಸೆ ಇದೆ. ಉಸಿರು ಸರಾಗವಾಗುತ್ತದೆ, ಆದರೆ ನ್ಯುಮೋನಿಯಾದ ಭಯ ಕೊನೆವರೆಗೂ ಇರುತ್ತದೆ, ಈಜಂತೂ ಬಂದ್.